ಗುಲಾಬಿ ಮನೆಯ ಹತ್ತೊಂಬತ್ತು ಬಾಟಲಿ

ಹೆಬ್ಬಗೋಡಿಯ ನಮ್ಮ ಲ್ಯಾಬಿನಲ್ಲಿ ಆ ಸೋಮವಾರ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸವೆಂದರೆ ಯಂತ್ರಕ್ಕೆ ಬೈದದ್ದು. ಹತ್ತೊಂಬತ್ತು ಹೆಂಗಸರ ಮೂತ್ರದಲ್ಲಿ ಕ್ರಿಯಾಟಿನಿನ್ ಎಷ್ಟಿದೆಯೆಂದು ನೋಡುತ್ತಿದ್ದೆ. ಒಬ್ಬರದೂ ಇರಬೇಕಾದಷ್ಟರ ಕಾಲುಭಾಗ ಮುಟ್ಟಲಿಲ್ಲ. ಕ್ರಿಯಾಟಿನಿನ್ ಅಂದರೆ ನಮ್ಮ ಸ್ನಾಯುಗಳು ದಿನವೂ ಬಿಡುವ ಒಂದು ಕಸ. ಕಿಡ್ನಿ ಅದನ್ನು ರಕ್ತದಿಂದ ಎತ್ತಿ ಮೂತ್ರಕ್ಕೆ ಹಾಕುತ್ತದೆ. ಮೂತ್ರದಲ್ಲಿ ಅದು ಧಾರಾಳವಾಗಿ ಇರಬೇಕು, ರಕ್ತದಲ್ಲಿ ಹೆಚ್ಚು ಉಳಿಯಬಾರದು. ಇಷ್ಟು ಗೊತ್ತಿದ್ದರೆ ಮುಂದೆ ಹೇಳುವುದೆಲ್ಲ ಅರ್ಥವಾಗುತ್ತದೆ.

ನಾನು ಲ್ಯಾಬ್ ಟೆಕ್ನಿಷಿಯನ್. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಹೊಸದಾಗಿ ಸೇರುವವರು. ಅವರ ರಕ್ತ ತೆಗೆದು, ಮೊಹರು ಹೊಡೆದು ಕಳಿಸುವುದು ನನ್ನ ದಿನಚರಿ. ಈ ಹತ್ತೊಂಬತ್ತು ಬಾಟಲಿ ಮಾತ್ರ ಬಂದದ್ದು ಬೊಮ್ಮಸಂದ್ರ ದಾಟಿ ಒಳರಸ್ತೆಗೆ ತಿರುಗಿದರೆ ಸಿಗುವ ಒಂದು ಗುಲಾಬಿ ತೋಟದಿಂದ. ಬಯಲಲ್ಲಿ ಬೆಳೆಯುವ ಗುಲಾಬಿಯಲ್ಲ. ಪ್ಲಾಸ್ಟಿಕ್ ಹೊದೆಸಿದ ಎತ್ತರದ ಪಾಲಿಹೌಸ್‌ಗಳ ಒಳಗೆ ಸಾಲುಸಾಲಾಗಿ ಬೆಳೆಯುವ, ಪೆಟ್ಟಿಗೆಯಲ್ಲಿ ಕೂತು ವಿಮಾನ ಹತ್ತುವ ಗುಲಾಬಿ. ಕೆಲಸದವರು ಅದನ್ನು ಹೂವಿನ ಮನೆ ಅನ್ನುತ್ತಾರೆ. ಅಂಥ ಮನೆಗಳಲ್ಲಿ ದುಡಿಯುವವರು ಮೂವರು, ಒಬ್ಬರ ಹಿಂದೆ ಒಬ್ಬರು, ಕಿಡ್ನಿ ಕೆಟ್ಟು ಆಸ್ಪತ್ರೆಗೆ ಬಂದದ್ದನ್ನು ನೋಡಿದ ಕಿಡ್ನಿ ಡಾಕ್ಟರೊಬ್ಬರು ಸುಮ್ಮನೆ ಕೂರಲಿಲ್ಲ. ಹೂವಿಗೆ ಹೊಡೆಯುವ ಔಷಧಿಯ ಮೇಲೆ ಅವರಿಗೆ ಅನುಮಾನ. ಆ ತೋಟದ ಮ್ಯಾನೇಜರನ್ನು ಒಪ್ಪಿಸಿ, ಮೂವತ್ತು ಜನರನ್ನು ಪರೀಕ್ಷೆ ಮಾಡೋಣ ಎಂದರು. ಮೊದಲು ಮೂತ್ರ, ಅದರಲ್ಲಿ ತೊಂದರೆ ಕಂಡವರಿಗೆ ಮಾತ್ರ ರಕ್ತ. ಸ್ಯಾಂಪಲ್ ತರುವ ಜವಾಬ್ದಾರಿ ನನ್ನದು.

ಶನಿವಾರ ಕ್ಯಾಂಪ್ ಆಗಿತ್ತು. ಡಾಕ್ಟರ ಫಾರಂನಲ್ಲಿ ಎರಡು ಕಾಲಂ: ಔಷಧಿ ಹೊಡೆಯುವವರು, ಹೊಡೆಯದವರು. ಗಂಡಸರು ಹನ್ನೊಂದು ಜನ ಮೊದಲನೆಯದಕ್ಕೆ, ಹೆಂಗಸರು ಹತ್ತೊಂಬತ್ತೂ ಜನ ಎರಡನೆಯದಕ್ಕೆ. ನಾನು ಬಾಟಲಿ ಕೊಟ್ಟೆ, ನಂಬರ್ ಬರೆದೆ, ಬಂದದ್ದಕ್ಕೆ ಅಲ್ಲೇ ಬಣ್ಣ ತಿರುಗುವ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದೆ. ಗಂಡಸರಲ್ಲಿ ಇಬ್ಬರಿಗೆ ಸ್ವಲ್ಪ ಪ್ರೋಟೀನ್ ಹೋಗುತ್ತಿತ್ತು, ಕಿಡ್ನಿ ಸೋರುವುದರ ಗುರುತು ಅದು. ಹೆಂಗಸರ ಬಾಟಲಿಗಳು ಮಾತ್ರ ಫಳಫಳ, ಒಂದರಲ್ಲೂ ಏನೂ ಇಲ್ಲ. ಖುಷಿಯಿಂದ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಹೆಂಗಸರೆಲ್ಲ ಕ್ಲಿಯರ್ ಸಾರ್ ಅಂದುಬಿಟ್ಟಿದ್ದೆ. ಅವರು ಅದನ್ನು ಮ್ಯಾನೇಜರಿಗೂ ಹೇಳಿದ್ದರು.

ಹಾಗಾಗಿ ಸೋಮವಾರ ಯಂತ್ರ ಬೈಸಿಕೊಂಡಿತು. ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವ ಹಾಕಿ ನೋಡಿದೆ, ಸರಿಯಾಗಿತ್ತು. ರಾಸಾಯನಿಕ ಬದಲಿಸಿದೆ, ಮತ್ತೆ ಅದೇ ಅಂಕಿ. ಕೊನೆಗೆ ಮೂತ್ರ ಎಷ್ಟು ಗಟ್ಟಿ ಎಂದು ತೋರಿಸುವ ಪಟ್ಟಿ ಅದ್ದಿದೆ. ನಲ್ಲಿ ನೀರಿಗೆ ಅದ್ದಿದಂತೆಯೇ ಬಂತು. ಮನುಷ್ಯ ಕೊಡಗಟ್ಟಲೆ ನೀರು ಕುಡಿದರೂ ಕಿಡ್ನಿ ಇಷ್ಟು ತೆಳುವಾಗಿ ಕಳಿಸಲಾರದು. ಆಗ ನನ್ನ ಕೈಗೆ ನೆನಪಾಯಿತು, ತಲೆಗಲ್ಲ: ಶನಿವಾರ ಆ ಬಾಟಲಿಗಳು ತಣ್ಣಗಿದ್ದವು. ಮೈಯಿಂದ ಆಗಷ್ಟೇ ಬಂದದ್ದು ಬೆಚ್ಚಗಿರಬೇಕು. ಇದು ಈ ಕೆಲಸದ ಮೊದಲ ಪಾಠ. ಇಪ್ಪತ್ತು ವರ್ಷದ ಅನುಭವ ಎಂದು ಜಂಬ ಕೊಚ್ಚುವ ನಾನು ಹತ್ತೊಂಬತ್ತು ತಣ್ಣನೆ ಬಾಟಲಿ ಹಿಡಿದು ಫೋನಿನಲ್ಲಿ ಹಲ್ಲು ಕಿರಿದಿದ್ದೆ. ನನಗೆ ನಾಚಿಕೆಯಾಯಿತು.

ಸುಮ್ಮನಿದ್ದುಬಿಡಬಹುದಿತ್ತು. ಹೇಳುವುದೆಲ್ಲ ಹೇಳಿ ಆಗಿದೆ, ಯಾರೂ ಮತ್ತೆ ಕೇಳುವುದಿಲ್ಲ. ಅರ್ಧ ಗಂಟೆ ಆ ಬಾಟಲಿಗಳನ್ನು ನೋಡುತ್ತ ಕೂತಿದ್ದು, ಆಮೇಲೆ ಡಾಕ್ಟರಿಗೆ ಫೋನ್ ಮಾಡಿದೆ.

"ಸಾರ್, ಶನಿವಾರ ನಾನು ಹೇಳಿದ್ದು ತಪ್ಪು. ಹೆಂಗಸರದ್ದು ಅಷ್ಟೂ ಕ್ಯಾನ್ಸಲ್ ಮಾಡ್ಬೇಕು."

"ಹತ್ತೊಂಬತ್ತೂನಾ? ಮ್ಯಾನೇಜರ್‌ಗೆ ನಾರ್ಮಲ್ ಅಂತ ಹೇಳ್ಬಿಟ್ಟಿದ್ದೀನಲ್ರೀ!"

"ನೀರು ಬೆರೆಸಿದ್ದಾರೆ ಸಾರ್. ಬಾಟ್ಲಿ ಬೆಚ್ಚಗಿದೆಯಾ ಅಂತ ನಾನು ಮುಟ್ಟಿ ನೋಡ್ಲಿಲ್ಲ. ತಪ್ಪು ನಂದೇ."

ಅವರು ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು ಕೇಳಿತು. "ಫೆಬ್ರವರಿ ಬರ್ತಿದೆ, ಹೂವಿನ ಸೀಸನ್ನು. ಇನ್ನೊಂದ್ಸಲ ಒಳಗೆ ಬಿಡ್ತಾರೋ ಇಲ್ವೋ, ಕೇಳಿ ನೋಡ್ತೀನಿ. ಹೋಗಿ ಬನ್ನಿ. ಆದ್ರೆ ಯಾರನ್ನೂ ಬೈಬೇಡಿ."

ಅವರಿಗೆ ನನ್ನ ಸ್ವಭಾವ ಗೊತ್ತು. ಹತ್ತೊಂಬತ್ತು ಬಾಟಲಿಯನ್ನೂ ಸಿಂಕಿಗೆ ಸುರಿದೆ. ರಿಜಿಸ್ಟರಿನಲ್ಲಿ ಆ ಸಾಲುಗಳನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ.

ಮ್ಯಾನೇಜರ್ ಒಪ್ಪಿದ ಮೇಲೆ ಬುಧವಾರ ಸ್ಕೂಟರಿನಲ್ಲಿ ಹೊರಟೆ. ಬೈಯಬೇಡಿ ಅಂದಿದ್ದರೂ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತಲೇ ಹೋದೆ. ಹನ್ನೊಂದು ಗಂಟೆಗೆ ಹೂವಿನ ಮನೆಯ ಬಾಗಿಲಲ್ಲಿ ನಿಂತಾಗ ಅವೆಲ್ಲ ಮರೆತುಹೋದವು. ಶನಿವಾರ ಆಫೀಸಿನ ಜಗಲಿಯಲ್ಲೇ ಕೂತಿದ್ದ ನಾನು ಒಳಗೆ ಕಾಲಿಟ್ಟಿರಲಿಲ್ಲ. ಕಣ್ಣು ಹೋಗುವಷ್ಟು ದೂರ ಕೆಂಪು, ಕಿತ್ತಳೆ, ಹಳದಿ ಮೊಗ್ಗುಗಳು, ಎಲ್ಲವೂ ಒಂದೇ ಎತ್ತರ, ಒಂದೇ ದಪ್ಪ. ಇಷ್ಟು ಗುಲಾಬಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬಾಯಿಬಿಟ್ಟುಕೊಂಡು ನಿಂತೆ. ಐದು ನಿಮಿಷಕ್ಕೆ ಬೆವರು ಬೆನ್ನಿನಿಂದ ಇಳಿಯತೊಡಗಿತು. ಹೊರಗೆ ಜನವರಿಯ ಚಳಿಗಾಳಿ, ಒಳಗೆ ಅಕ್ಕಿ ಬೇಯುವ ಶಾಖ.

ಪಕ್ಕದ ಹೂವಿನ ಮನೆಯಲ್ಲಿ ಔಷಧಿ ಹೊಡೆಯುವುದು ನಡೆದಿತ್ತು. ಹೊರಗೆ ಟ್ಯಾಂಕಿನಲ್ಲಿ ಕಲೆಸಿದ ಔಷಧಿಯನ್ನು ಮೋಟಾರು ಉದ್ದನೆಯ ಪೈಪಿನಲ್ಲಿ ಒಳಗೆ ತಳ್ಳುತ್ತದೆ. ಮುಂದೆ ಒಬ್ಬ ಗಂಡಸು, ತಲೆಯಿಂದ ಕಾಲಿನವರೆಗೂ ಕೋಟು, ಮುಖಕ್ಕೆ ಮಾಸ್ಕು, ಕೈಯಲ್ಲಿ ಔಷಧಿ ಚಿಮ್ಮುವ ಗನ್ನು. ಅವನ ಹಿಂದೆ, ಅವನು ಬಿಟ್ಟ ಮಂಜಿನ ಒಳಗೇ, ಒಬ್ಬ ಹೆಂಗಸು. ಗಿಡಕ್ಕೆ ಸಿಕ್ಕಿ ಹೂ ಮುರಿಯದ ಹಾಗೆ ಪೈಪನ್ನು ಹೆಗಲ ಮೇಲೆ ಹೊತ್ತು, ಅವನ ನಡಿಗೆಗೆ ಸರಿಯಾಗಿ ಬಿಡುತ್ತ, ಎಳೆಯುತ್ತ ಬರುತ್ತಿದ್ದಳು. ಸೀರೆಯ ಮೇಲೊಂದು ಗಂಡಸರ ಅಂಗಿ, ಬಾಯಿಗೆ ಸುತ್ತಿದ ಟವೆಲು. ಅಂಗಿ ಮೊಣಕೈವರೆಗೆ ಒದ್ದೆ. ಪೈಪಿನ ಜೋಡಣೆಯಲ್ಲಿ ಸೋರುವುದೆಲ್ಲ ಅವಳ ಬೆನ್ನ ಮೇಲೇ ಇಳಿಯುತ್ತಿತ್ತು. ಅವಳನ್ನು ನಾನು ಶನಿವಾರ ನೋಡಿದ್ದೆ. ನಲವತ್ತು ದಾಟಿದವಳು, ಯಾದಗಿರಿ ಕಡೆಯವಳು, ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ನನ್ನದೇ ಅಕ್ಷರದಲ್ಲಿ ಅವಳ ಹೆಸರಿನ ಮುಂದೆ ಬರೆದಿತ್ತು: ಔಷಧಿ ಹೊಡೆಯದವರು.

ಊಟದ ಹೊತ್ತಿಗೆ ಅವರ ಜೊತೆ ನೆಲದ ಮೇಲೆ ಕೂತೆ. "ಶನಿವಾರ ಬಾಟ್ಲಿಗೆ ನೀರು ಹಾಕಿದ್ದು ಯಾರು?" ಅಂದೆ. ಆದಷ್ಟು ಮೆತ್ತಗೇ ಕೇಳಿದೆನೆಂದು ನನ್ನ ನಂಬಿಕೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ನಾನ ಹಾಕೀನ್ರಿ ಮೇಡಂ," ಅಂದಳು ದೊಡ್ಡಕ್ಕ. "ಎಲ್ಲಾರದಕ್ಕೂ ನಾನ ಹಾಕೀನಿ. ಅವರಿಗಿ ಏನೂ ಅನಬ್ಯಾಡ್ರಿ."

"ಯಾಕಕ್ಕ? ಏನಕ್ಕೆ?"

"ನೀವು ಬೆಳ್ಳಗ ಕೋಟು ಹಾಕ್ಕೊಂಡು ಬಂದೀರಿ. ನಮ್ದು ನೋಡಿದ್ರ ಚಾದ ಡಿಕಾಕ್ಷನ್ ಆಗಿರ್ತದ. ಅಂಥಾದ್ದು ನಿಮ್ಮ ಕೈಯಾಗ ಹೆಂಗ ಕೊಡೂದ್ರಿ? ನಾಚಿಕಿ ಬಂತು. ಚೂರು ಬಿಟ್ಟು ಉಳಿದಿದ್ದೆಲ್ಲಾ ಚೆಲ್ಲಿ, ಡ್ರಮ್ಮಿನ ನೀರು ತುಂಬಿ, ಚಂದ ಮಾಡಿ ಕೊಟ್ಟೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೋಸ ಮಾಡಿದ್ದಾರೆ ಎಂದು ಬೈಯಲು ಬಂದಿದ್ದೆ. ಇವರು ನನಗೆ ಮರ್ಯಾದೆ ಮಾಡಿದ್ದರು!

ಅಷ್ಟು ಕಪ್ಪಾಗುವುದು ಯಾಕೆ ಎಂದು ಕೇಳಿದೆ. ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ಮಧ್ಯಾಹ್ನ ಮೂರರವರೆಗೆ ಯಾರೂ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕು, ಹೆಂಗಸರಿಗೆ ಇರುವ ಕಕ್ಕಸು ಗೇಟಿನ ಆಚೆ, ಅವರ ರೂಮುಗಳ ಸಾಲಿನ ಕೊನೆಗೆ. ಕುಡಿಯೋಣ ಅಂದರೂ ಡ್ರಮ್ಮು ಇರುವುದು ಔಷಧಿ ಕಲೆಸುವ ಟ್ಯಾಂಕಿನ ಮಗ್ಗುಲಲ್ಲಿ, ನೀರಿಗೆಲ್ಲ ಅದರದೇ ವಾಸನೆ. ಸಂಜೆ ಮೈಕೈ ನೋವೆಂದು ಮೆಡಿಕಲ್ ಸ್ಟೋರಿನಿಂದ ಒಂದೊಂದು ನೋವಿನ ಗುಳಿಗೆ. ಹೆಚ್ಚಿನವರಿಗೆ ಅದು ದಿನದ ಅಭ್ಯಾಸ. ಶಾಖ, ಒಣಗಿದ ಮೈ, ನೋವಿನ ಗುಳಿಗೆ, ಮೇಲಿಂದ ಔಷಧಿಯ ಮಂಜು. ಕಿಡ್ನಿ ಕೆಡಲು ಇದರಲ್ಲಿ ಎರಡಿದ್ದರೂ ಸಾಕು.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅವರ ರೂಮುಗಳ ಮುಂದೆ ದೀಪದ ಕೆಳಗೆ ಮೇಜು ಹಾಕಿದೆ. ಮೇಜಿನ ಮೇಲೆ ಎಲ್ಲಕ್ಕಿಂತ ಮೊದಲು ಇಟ್ಟದ್ದು ನನ್ನದೇ ಬಾಟಲಿ. ಸ್ಯಾಂಪಲ್ ತರಲು ಹೊಸೂರು ರಸ್ತೆಯಲ್ಲಿ ದಿನವೂ ಸ್ಕೂಟರ್ ಓಡಿಸುವ ಹೆಂಗಸು ನಾನು. ನೀರು ಕುಡಿಯದೆ ಇರುವ ವಿದ್ಯೆ ನನಗೂ ಬರುತ್ತದೆ. "ನೋಡ್ರಪ್ಪ, ಇದು ನಂದು. ಇದಕ್ಕಿಂತ ಕಪ್ಪಗಿರೋದು ಯಾರ್ದಿದೆ, ಬನ್ನಿ," ಅಂದೆ.

"ಅಯ್ಯ, ಮೇಡಂದೂ ನಮ್ಮಂಗ ಅದ!" ಎಂದು ಯಾರೋ ಕೂಗಿದರು. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಆಮೇಲೆ ಬಾಟಲಿಗಳು ಬಂದವು, ಒಂದೊಂದೂ ಬೆಚ್ಚಗೆ, ಒಂದೊಂದೂ ಕಪ್ಪಗೆ. ಡಾಕ್ಟರು ಹೇಳಿರದಿದ್ದರೂ ಗಂಡಸರನ್ನೂ ಕರೆಸಿ ಅವತ್ತೇ ಮೂವತ್ತೂ ಜನರ ರಕ್ತ ತೆಗೆದೆ. ಹೊಡೆಯುವವರು, ಹೊಡೆಯದವರು ಎಂಬ ಆ ಎರಡು ಕಾಲಂ ಮೇಲೆ ನನಗೆ ನಂಬಿಕೆ ಹೋಗಿತ್ತು. ದೊಡ್ಡಕ್ಕನ ಬಾಟಲಿಯಲ್ಲಿ ನೊರೆ ನಿಂತಿತ್ತು. ಎರಡು ನಿಮಿಷ ಕಾದೆ, ಇಳಿಯಲಿಲ್ಲ. ಪಟ್ಟಿ ಅದ್ದಿದರೆ ಹಳದಿ ಚೌಕ ಕಡುಹಸಿರಾಯಿತು. ಪ್ರೋಟೀನ್ ಸುರಿದು ಹೋಗುತ್ತಿತ್ತು. ಶನಿವಾರ ಇದರ ಮೇಲೆಯೇ ಅವಳು ನೀರು ಸುರಿದಿದ್ದಳು, ನಾನು ಕ್ಲಿಯರ್ ಅಂದಿದ್ದೆ.

ಲ್ಯಾಬಿಗೆ ಬಂದು ರಕ್ತವನ್ನು ಯಂತ್ರಕ್ಕೆ ಕೊಟ್ಟೆ. ಕ್ರಿಯಾಟಿನಿನ್ ಇದ್ದರೆ ಹಳದಿ ದ್ರಾವಣ ಕಿತ್ತಳೆಗೆ ತಿರುಗುತ್ತದೆ. ಅವಳ ಟ್ಯೂಬು ಎಷ್ಟು ಬೇಗ ತಿರುಗಿತೆಂದರೆ ಅಂಕಿ ಬರುವ ಮೊದಲೇ ನಾನು ಅದೇ ರಕ್ತವನ್ನು ಇನ್ನೊಂದು ಟ್ಯೂಬಿಗೆ ಹಾಕತೊಡಗಿದೆ. ಮೂರು ಪಾಯಿಂಟ್ ಒಂದು. ಹೆಂಗಸರಿಗೆ ಒಂದರ ಆಸುಪಾಸಿನಲ್ಲಿರಬೇಕಾದದ್ದು. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಕೀಟನಾಶಕ ಮೈಗೆ ಸೇರಿದರೆ ರಕ್ತದಲ್ಲಿ ಕಡಿಮೆಯಾಗುವ ಒಂದು ಕಿಣ್ವವಿದೆ. ಅದೂ ಮೂವತ್ತು ಜನರಲ್ಲಿ ಎಲ್ಲರಿಗಿಂತ ಕಡಿಮೆಯಿದ್ದದ್ದು ಅವಳದು. ಕೋಟು ಹಾಕಿ ಗನ್ನು ಹಿಡಿಯುವ ಗಂಡಸರಿಗಿಂತ ಕಡಿಮೆ.

ತೋಟದ ಜೊತೆ ಆಗಿದ್ದ ಒಪ್ಪಂದದ ಪ್ರಕಾರ ವರದಿ ಮ್ಯಾನೇಜರಿಗೆ ಹೋಗಬೇಕು. ಡಾಕ್ಟರಿಗೆ ಹೇಳಿದೆ, ಮೊದಲು ಅವಳ ಕೈಗೆ, ಆಮೇಲೆ ಉಳಿದವರಿಗೆ. ಅವರು ತಕ್ಷಣ ಒಪ್ಪಿದರು. ಚೀಟಿ ಹಿಡಿದು ಅವಳ ರೂಮಿಗೆ ಹೋಗಿ ಕೂತೆ. ಓದಲು ಬಾರದವಳು, ಆದರೂ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಷ್ಟು ಹೋಗ್ಯಾದ್ರಿ?"

"ಮುಕ್ಕಾಲು ಪಾಲು ಕೆಲಸ ನಿಂತಿದೆ ಅಕ್ಕ. ಈಗ್ಲೇ ಪೈಪು ಬಿಟ್ರೆ, ಗುಳಿಗೆ ಬಿಟ್ರೆ, ನೀರು ಕುಡಿದ್ರೆ, ಸ್ವಲ್ಪ ವಾಪಸ್ ಬರಬಹುದು. ಹಿಂಗೇ ಬಿಟ್ರೆ ಡಯಾಲಿಸಿಸ್ಸೇ ಗತಿ."

ಪೈಪು ಬಿಟ್ಟರೆ ಕೆಲಸ ಹೋದರೂ ಹೋಗಬಹುದು, ಕೆಲಸದ ಜೊತೆ ಈ ರೂಮೂ ಹೋಗುತ್ತದೆ. ಮ್ಯಾನೇಜರಿಗೆ ತೋರಿಸಬೇಡಿ ಅನ್ನುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಎದ್ದು, ತಲೆ ಬಾಚಿಕೊಂಡು, ಬಾರ್ರಿ ಎಂದು ನನ್ನ ಕೈ ಹಿಡಿದು ನೇರ ಆಫೀಸಿಗೇ ನಡೆದಳು. ಚೀಟಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟಳು.

"ಮೂರು ವರ್ಷ ಪೈಪು ಹಿಡಿದೀನ್ರಿ ಸಾರ್. ಇದು ನೋಡ್ರಿ. ನನಗ ಪ್ಯಾಕಿಂಗ್ ಕಡಿ ಹಾಕ್ರಿ. ಆಗಂಗಿಲ್ಲ ಅಂದ್ರ ಈ ಮೇಡಂ ಎಲ್ಲಾ ಹೆಣ್ಮಕ್ಕಳಿಗೂ ಇದನ್ನ ಓದಿ ಹೇಳ್ತಾರ."

ಹಾಗೆಂದು ನನ್ನನ್ನು ಅವಳು ಒಂದು ಮಾತೂ ಕೇಳಿರಲಿಲ್ಲ. ನಾನು ಗಂಭೀರವಾಗಿ ತಲೆಯಾಡಿಸಿದೆ. ಮ್ಯಾನೇಜರ್ ಕೃಷಿ ಓದಿದ ಹುಡುಗ, ಕೆಟ್ಟವನಲ್ಲ. ಹೊಡೆಯುವವರಿಗೆ ಕೋಟು ಕೊಡಬೇಕೆಂಬ ನಿಯಮ ಓದಿ, ಹೊಡೆಯುವವರನ್ನು ಎಣಿಸಿ, ಅಷ್ಟೇ ಕೋಟು ತರಿಸಿದ್ದ. ಅವನೂ ನಮ್ಮ ಫಾರಂನ ಹಾಗೆಯೇ ಎಣಿಸಿದ್ದ. ಅವನ ಮುಖ ಸಪ್ಪಗಾಯಿತು. ಅವತ್ತೇ ಅವಳು ಪ್ಯಾಕಿಂಗ್ ಶೆಡ್ಡಿಗೆ ಹೋದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಬಹಳ ಕಾಲದಿಂದ ಕೆಟ್ಟ ಕಿಡ್ನಿ ಸಾಮಾನ್ಯವಾಗಿ ಕುಗ್ಗಿಹೋಗಿರುತ್ತದೆ. ಅವಳವು ಎರಡೂ ತಮ್ಮ ಅಳತೆಯಲ್ಲೇ ಇದ್ದವು. ಡಾಕ್ಟರ ಮುಖದಲ್ಲಿ ಮೊದಲ ಸಲ ಸ್ವಲ್ಪ ಗೆಲುವು ಕಂಡಿತು. ಯಾವ ಔಷಧಿ, ಎಷ್ಟು ಸಲ, ಯಾವಾಗ ಎಂದು ತಿಳಿಯಲು ಅವರು ತೋಟದ ರಿಜಿಸ್ಟರ್ ತರಿಸಿದ್ದರು. ಸುಮ್ಮನೆ ಅವಳನ್ನೂ ಒಂದು ಮಾತು ಕೇಳಿದರು.

ಆಗ ನಡೆದದ್ದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ದೊಡ್ಡಕ್ಕ ಕಣ್ಣು ಅರೆಮುಚ್ಚಿ ಹೇಳತೊಡಗಿದಳು. "ಕಾರ ಹುಣ್ಣಿವಿ ಮುಗುದು ಎಂಟು ದಿನಕ್ಕ ಮೂರನೇ ಮನ್ಯಾಗ ನುಸಿ ಬಿತ್ತು. ಆವಾಗ ಹಳದಿ ಡಬ್ಬಿದು ಹೊಡದ್ವಿ, ಬಳ್ಳೊಳ್ಳಿ ವಾಸನಿ ಬರ್ತದಲ್ರಿ, ಅದು. ಎರಡ ಸರ್ತಿ. ಆಮ್ಯಾಲ ಒಂದನೇ ಮನ್ಯಾಗ ಬೂದಿ ರೋಗ, ಅದಕ್ಕ ಬಿಳಿ ಪುಡಿ..." ಎಂಟು ತಿಂಗಳು, ಆರು ಮನೆ. ಯಾವ ಮನೆಯಲ್ಲಿ ಯಾವ ಬಣ್ಣದ ಹೂ, ಯಾವ ವಾಸನೆ, ಅವತ್ತು ಯಾವ ಹುಡುಗಿಗೆ ಕಣ್ಣುರಿ ಬಂತು, ಯಾರು ವಾಂತಿ ಮಾಡಿದರು. ಒಂದಕ್ಕೂ ತಡವರಿಸಲಿಲ್ಲ. ಡಾಕ್ಟರು ರಿಜಿಸ್ಟರಿನಲ್ಲಿ ಬೆರಳಿಟ್ಟು ಹಿಂಬಾಲಿಸಿದರು. ಎರಡು ಕಡೆ ಅವಳು ಹೇಳಿದ ಹೊಡೆತ ರಿಜಿಸ್ಟರಿನಲ್ಲಿ ಇರಲೇ ಇಲ್ಲ. ಮ್ಯಾನೇಜರಿಗೆ ಫೋನ್ ಮಾಡಿದರು. ಅವನು ಖಾಲಿ ಡಬ್ಬಿ ಎಣಿಸಿ ನೋಡಿ, ಅವಳು ಹೇಳಿದ್ದೇ ಸರಿ, ಬರೆಯಲು ಮರೆತಿದ್ದೆವು ಅಂದ. ಡಾಕ್ಟರು ಪೆನ್ನು ಕೆಳಗಿಟ್ಟು ಅವಳಿಗೆ ಕೈಮುಗಿದರು. ತಮಾಷೆಗಲ್ಲ.

ಔಷಧಿಯೊಂದರಿಂದಲೇ ಹೀಗಾಯಿತು ಎಂದು ಅವರು ಕೊನೆಗೂ ಬರೆಯಲಿಲ್ಲ. ಶಾಖ, ನೀರಿಲ್ಲದ್ದು, ಗುಳಿಗೆ, ಔಷಧಿ, ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲು ಬರುವುದಿಲ್ಲ ಅಂದರು. ನಾಲ್ಕನ್ನೂ ನಿಲ್ಲಿಸಿ ನೋಡೋಣ ಎಂದಷ್ಟೇ ಹೇಳಿದರು.

ಆಮೇಲೆ ಎರಡು ವಾರಕ್ಕೊಮ್ಮೆ ಅವಳು ಬಸ್ಸಿನಲ್ಲಿ ಹೆಬ್ಬಗೋಡಿಗೆ ಬಂದು ರಕ್ತ ಕೊಟ್ಟು ಹೋಗುತ್ತಿದ್ದಳು. ಮೊದಲ ಸಲ ಮೂರು ಪಾಯಿಂಟ್ ಎರಡು ಬಂತು. ಆ ವಾರ ನಾನು ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮುಂದಿನ ಸಲ ಎರಡು ಪಾಯಿಂಟ್ ಆರು. ಆಮೇಲೆ ಎರಡಕ್ಕೆ ಇಳಿಯಿತು, ಆಮೇಲೆ ಒಂದು ಪಾಯಿಂಟ್ ಏಳು. ಈ ಅಂಕಿ ಏರುವುದನ್ನು ಸಾವಿರ ಸಲ ನೋಡಿದ್ದೇನೆ, ಹೀಗೆ ಇಳಿಯುವುದನ್ನು ಕಂಡದ್ದು ಬಹಳ ಕಡಿಮೆ. ದಿನಕ್ಕೆ ನೂರೆಂಬತ್ತು ಲೀಟರ್ ಸೋಸಿ, ಬೇಕಾದ್ದನ್ನೆಲ್ಲ ವಾಪಸ್ ಎಳೆದುಕೊಂಡು, ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡುತ್ತವಂತೆ, ಮುಷ್ಟಿಯಷ್ಟು ದೊಡ್ಡ ಈ ಎರಡು ಅಂಗ. ಓದುವಾಗ ಬಾಯಿಪಾಠ ಮಾಡಿದ್ದೆ. ನಾವು ನೀರು ಕೊಡದೆ, ವಿಷ ಕೊಟ್ಟು, ಮೂರು ವರ್ಷ ಬಡಿದರೂ, ಬಡಿಯುವುದನ್ನು ನಿಲ್ಲಿಸಿದ ಕೂಡಲೇ ಅವು ಮತ್ತೆ ಕೆಲಸಕ್ಕೆ ಕೂರುತ್ತವಲ್ಲ ಎಂದು ನನಗೆ ಆ ಟ್ಯೂಬಿನ ಮುಂದೆ ಕಣ್ಣು ತುಂಬಿತು.

ತೋಟದಲ್ಲಿ ಕೆಲವು ಬದಲಾದವು, ಕೆಲವು ಇಲ್ಲ. ನೀರಿನ ಡ್ರಮ್ಮು ಟ್ಯಾಂಕಿನಿಂದ ದೂರ ಹೋಯಿತು. ಹೆಂಗಸರಿಗೆ ಗೇಟಿನ ಒಳಗೇ ಒಂದು ಕಕ್ಕಸು ಬಂತು. ಪೈಪು ಹಿಡಿಯುವವರಿಗೂ ಕೋಟು ಬಂತು, ಆದರೆ ಗಂಡಸರ ಅಳತೆಯದು. ಅದನ್ನು ತೊಟ್ಟು ಆ ಶಾಖದಲ್ಲಿ ನಡೆಯುವುದು ಕಷ್ಟವೆಂದು ಎಷ್ಟೋ ದಿನ ಗೂಟಕ್ಕೇ ನೇತಾಡುತ್ತಿತ್ತಂತೆ. ಪೈಪನ್ನಂತೂ ಯಾರಾದರೂ ಹಿಡಿಯಲೇಬೇಕು.

ಜೂನ್ ತಿಂಗಳ ಒಂದು ಭಾನುವಾರ ದೊಡ್ಡಕ್ಕ ಬಂದಳು. ಒಂದು ಪಾಯಿಂಟ್ ನಾಲ್ಕು. ಅದರ ಹಿಂದಿನ ಎರಡು ಸಲವೂ ಅಷ್ಟೇ ಬಂದಿತ್ತು. ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಇಲ್ಲಿಗೆ ನಿಂತಿದೆ ಅಕ್ಕ. ಡಯಾಲಿಸಿಸ್ ಭಯ ಈಗಿಲ್ಲ. ಆದ್ರೆ ಉಳಿದಿದ್ದು ಬರೋ ಹಾಗೆ ಕಾಣಲ್ಲ."

ಅವಳು ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಬಹಳ ಕೆಲಸ ಮಾಡಿದ ಕೈಗಳು. 

"ಪೈಪು ಹಿಡಿಯೂಕಿಂತ ಮೊದ್ಲು ನಂದು ಎಷ್ಟಿತ್ರಿ?"

"ಗೊತ್ತಿಲ್ಲ ಅಕ್ಕ. ಆಗ ಯಾರೂ ರಕ್ತ ತೆಗೆದಿರ್ಲಿಲ್ಲ."

"ಹೌದಲ್ರಿ," ಅಂದಳು. ಎದ್ದು ಹೋಗಿ ಬಾಗಿಲು ತೆಗೆದು, "ಬರ್ರೆವ್ವಾ ಒಳಗ," ಎಂದು ಕೂಗಿದಳು. ಹೊರಗಿನ ಬೆಂಚಿನಿಂದ ನಾಲ್ಕು ಹೆಂಗಸರು ಎದ್ದು ಒಳಗೆ ಬಂದರು. ನಾಲ್ವರೂ ಹೂ ಕೊಯ್ಯುವವರು, ನಮ್ಮ ಕ್ಯಾಂಪ್ ಆದ ಮೇಲೆ ತೋಟಕ್ಕೆ ಸೇರಿದವರು. ರಜೆಯ ದಿನ ಹೊಸೂರು ರಸ್ತೆಯ ಬಸ್ಸು ಹಿಡಿದು ಅವಳ ಜೊತೆ ಬಂದಿದ್ದರು.

"ಇನ್ನ ಮ್ಯಾಲ ಒಬ್ಬಾಕಿನೇ ವರ್ಷಗಟ್ಲೆ ಪೈಪು ಹಿಡಿಯಂಗಿಲ್ರಿ. ತಿಂಗಳಿಗೊಬ್ಬಾಕಿ. ಮ್ಯಾನೇಜರ್ ಸಾರ್‌ಗೂ ಹೇಳೀನಿ, ಹೂಂ ಅಂದಾರ. ಈ ನಾಕು ಮಂದಿ ಇನ್ನಾ ಒಂದಿನಾನೂ ಹಿಡಿದಿಲ್ಲ. ಹಿಡಿಯೂಕಿಂತ ಮೊದ್ಲ ಇವ್ರದು ಎಷ್ಟದ ಅಂತ ಬರಕೊಳ್ರಿ. ನಾಳಿಗಿ ಏರಿದ್ರ ನಮಗ ಗೊತ್ತಾಗಬೇಕಲ್ರಿ."

ಡಾಕ್ಟರಾಗಲಿ, ಇಪ್ಪತ್ತು ವರ್ಷ ಅನುಭವದ ನಾನಾಗಲಿ, ಫಾರಂನಲ್ಲಿ ಬರೆಯದೆ ಬಿಟ್ಟದ್ದು ಅದೇ ಕಾಲಂ: ಮೊದಲು ಎಷ್ಟಿತ್ತು. ನಾನು ಹೊಸ ರಿಜಿಸ್ಟರ್ ತೆಗೆದು, ಗೆರೆ ಹಾಕಿ, ನಾಲ್ಕು ಹೆಸರು ಬರೆದೆ. ಸೋಮವಾರದಿಂದ ಪೈಪು ಹಿಡಿಯಬೇಕಾದವಳು ಮೊದಲು ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಇನ್ನೂ ಏನೂ ಆಗದಿದ್ದ ಆ ರಕ್ತವನ್ನು ನಾನು ಟ್ಯೂಬಿಗೆ ತೆಗೆದುಕೊಂಡೆ.